ಮುಂದಿನ ಸಾಲಿನಲ್ಲಿ ಕೂತವನು

ಬರುವ ಶನಿವಾರದ ಕಾರ್ಯಕ್ರಮದ ಬಗ್ಗೆ ಜನ ಬರೆದಿದ್ದ ಕಾಮೆಂಟುಗಳನ್ನು ಪ್ರಾಚಿ ಅಡುಗೆಮನೆ ಬಾಗಿಲಿಗೆ ಒರಗಿ ಗಟ್ಟಿಯಾಗಿ ಓದುತ್ತಿದ್ದಳು. ಅವಳ ತಾಯಿ ಪ್ರಫುಲ್ಲಾ ರವೆ ಹುರಿಯುತ್ತ, ಒಂದೊಂದಕ್ಕೂ ನಾಚಿಕೊಂಡು ನಗುತ್ತಿದ್ದಳು. ಬಾಲ್ಕನಿ ಥ್ರೀ ಎಂಬ ತಮ್ಮ ಹಳೇ ಹಾಡಿನ ಗುಂಪು ಮತ್ತೆ ವೇದಿಕೆ ಹತ್ತುತ್ತದೆಂದು ಅವಳೇ ನಂಬಿರಲಿಲ್ಲ.

"ಇದು ಸ್ವಲ್ಪ ವಿಯರ್ಡ್ ಆಗಿದೆ, ಮಮ್," ಎಂದು ಪ್ರಾಚಿ ಮುಂದಿನದನ್ನು ಓದಿದಳು. "'ವ್ಯಾನ್ ನೆನಪಿದೆಯಾ? ಈ ಸಲ ನಾನು ಟಿಕೆಟ್ ತಗೊಂಡಿದ್ದೇನೆ.' ವಾಟ್ ವ್ಯಾನ್?"

ಪ್ರಫುಲ್ಲಾಳ ಕೈ ನಿಂತಿತು. ರವೆ ಸೀದ ವಾಸನೆ ಬಂದಮೇಲೇ ಅವಳು ಒಲೆ ಆರಿಸಿದ್ದು.

ವ್ಯಾನಿನ ವಿಷಯ ಹೊರಗಿನ ಒಂದು ನರಪಿಳ್ಳೆಗೂ ಗೊತ್ತಿರಲಿಲ್ಲ.

ಪ್ರಫುಲ್ಲಾಳ ಅಪ್ಪ ಧಾರವಾಡದಿಂದ ಬಂದು ಲಂಡನ್ನಿನ ಟೂಟಿಂಗ್ ಕಡೆಯ ಆಸ್ಪತ್ರೆಯಲ್ಲಿ ಡಾಕ್ಟರಾಗಿದ್ದರು. ಮನೆ ಎದುರಿನ, ನಗರಸಭೆ ಬಾಡಿಗೆಗೆ ಕೊಡುವ ಕೌನ್ಸಿಲ್ ಫ್ಲಾಟುಗಳಲ್ಲಿ ಲೀರಾಯ್, ಕಾರ್ಲ್ ಎಂಬ ಅವಳ ಶಾಲೆಯ ಗೆಳೆಯರಿದ್ದರು. ಎಂಬತ್ತರ ದಶಕದ ನಡುವಿನ ಮಾತು. ಅಮೆರಿಕದಿಂದ ಬಂದ ಹಿಪ್ ಹಾಪ್ ಕ್ಯಾಸೆಟ್ಟುಗಳನ್ನು ಕೇಳಿ ಕೇಳಿ ಮೂವರಿಗೂ ಹುಚ್ಚು ಹಿಡಿದಿತ್ತು. ಲೀರಾಯ್ ಪ್ರಾಸ ಕಟ್ಟಿ ರ‍್ಯಾಪ್ ಮಾಡುತ್ತಿದ್ದ, ಕಾರ್ಲ್ ತಿರುಗುವ ರೆಕಾರ್ಡನ್ನು ಬೆರಳಲ್ಲಿ ಹಿಂದೆ ಮುಂದೆ ಎಳೆದು ಕಿರ‍್ರೆನ್ನಿಸುತ್ತಿದ್ದ, ಪ್ರಫುಲ್ಲಾ ಬಾಯಲ್ಲೇ ಡ್ರಮ್ ನುಡಿಸುತ್ತಿದ್ದಳು. ಲೀರಾಯ್‌ನ ಮನೆಯ ಬಾಲ್ಕನಿಯಲ್ಲಿ ಶುರುವಾದ ಆ ಗುಂಪು ಪರವಾನಗಿ ಇಲ್ಲದೆ ಕದ್ದುಮುಚ್ಚಿ ನಡೆಯುವ ರೇಡಿಯೋಗಳಲ್ಲಿ ಮೊದಲು ಕೇಳಿಸಿತು. ಆಮೇಲೆ ಒಂದು ರೆಕಾರ್ಡು ಬಂತು, ಪತ್ರಿಕೆಯಲ್ಲಿ ಫೋಟೋ ಬಂತು, ಕಾರ್ಯಕ್ರಮ ಕೊಡಲು ಹಾಲೆಂಡಿನ ರಾಟರ್‌ಡ್ಯಾಮಿಗೂ ಹೋಗಿ ಬಂದರು. ಹೆಚ್ಚು ಕಾಲ ಉಳಿಯದ ಹೆಸರು, ಆದರೆ ಹೆಸರೇ.

ಪೂರ್ವ ಲಂಡನ್ನಿನ ಯೂತ್ ಕ್ಲಬ್ಬೊಂದರಲ್ಲಿ ಹಾಡಿ ಹೊರಬಂದ ಸಂಜೆ ಅದೆಲ್ಲ ಮುಗಿಯಿತು. ಬಿಳಿಯರಲ್ಲದವರನ್ನು ಕಂಡರಾಗದ, ತಲೆ ಬೋಳಿಸಿಕೊಂಡ ಬಿಳಿ ಹುಡುಗರ ದಂಡು ಅವರ ವ್ಯಾನನ್ನು ಸುತ್ತುವರಿದು ಅಲುಗಾಡಿಸಿತು. ಗಾಜು ಒಡೆಯಿತು. ಯಾರೋ ಬಾಗಿಲು ಎಳೆದರು, ಕಾರ್ಲ್ ಒಳಗಿನಿಂದ ಹಿಡಿದುಕೊಂಡ. ಆಗ ಹೊರಗಿನವರು ಎಳೆಯುವುದನ್ನು ಬಿಟ್ಟು ಅದೇ ಬಾಗಿಲನ್ನು ಅವನ ಬಲಗೈ ಮೇಲೆ ಬಡಿದರು, ಮತ್ತೆ ಮತ್ತೆ ಬಡಿದರು. ಪೊಲೀಸ್ ಸೈರನ್ ಕೇಳಿಸಿದ ಮೇಲೇ ಅವರು ಚದುರಿದ್ದು. "ಹೊರಗೆ ಹೇಳಬೇಡಿ, ನಿಮ್ಮ ಹಾಡಿದ್ದಲ್ಲಿ ಗಲಾಟೆ ಆಗುತ್ತೆ ಅಂತ ಯಾರೂ ಹಾಲ್ ಕೊಡಲ್ಲ," ಎಂದ ಗುಂಪಿನ ಮ್ಯಾನೇಜರ್. ಅವರು ಹೇಳಲಿಲ್ಲ. ಮುಂದಿನ ಕಾರ್ಯಕ್ರಮದಲ್ಲಿ ಪ್ರಫುಲ್ಲಾ ಮೈಕ್ ಹಿಡಿದರೆ ಬಾಯಿ ಮರದ ತೊಗಟೆಯ ಹಾಗೆ ಒಣಗಿತ್ತು. ಎಂಜಲಿಲ್ಲದ ಬಾಯಲ್ಲಿ ಡ್ರಮ್ ಹುಟ್ಟುವುದಿಲ್ಲ. ಗುಂಪು ಹಾಗೇ ಕರಗಿಹೋಯಿತು. ಅವಳು ಓದು ಮುಗಿಸಿ, ಕೆಲಸಕ್ಕೆ ಸೇರಿ, ಲಂಡನ್ನಿನ ಇನ್ನೊಂದು ಮೂಲೆಯ ಕ್ವೀನ್ಸ್‌ಬರಿಯಲ್ಲಿ ಸಂಸಾರ ಹೂಡಿದಳು.

ಈಗ ಯಾರೋ ಹುಡುಗರು ಆ ಹಳೇ ರೆಕಾರ್ಡನ್ನು ಹುಡುಕಿ ತೆಗೆದು ಮತ್ತೆ ಹೊರತಂದಿದ್ದರು. ಬಲಗೈ ಮತ್ತೆ ಸರಿಹೋಗದ ಕಾರ್ಲ್ ಎಡಗೈಯಲ್ಲಿ ನುಡಿಸಲು ಕಲಿತಿದ್ದ. "ನೀನು ಬರದಿದ್ದರೆ ನಾವೂ ಇಲ್ಲ," ಎಂದು ಇಬ್ಬರೂ ಅವಳ ಹಿಂದೆ ಬಿದ್ದಿದ್ದರು. ಕಾಮೆಂಟಿನ ಸುದ್ದಿ ಹೇಳಿದಾಗ ಲೀರಾಯ್ ಫೋನಿನಲ್ಲಿ ಅದನ್ನು ಮತ್ತೊಮ್ಮೆ ಓದಿಸಿಕೊಂಡ. ಕೊನೆಗೆ, "ಆದರೂ ಬಾ," ಎಂದ.

ಆ ವಾರ ಇಂಗ್ಲೆಂಡಿನ ಊರೂರುಗಳಲ್ಲಿ ವಲಸಿಗರ ವಿರುದ್ಧ ಗಲಭೆ ನಡೆದಿತ್ತು. ಶನಿವಾರ ಪ್ರಫುಲ್ಲಾ ಚಪ್ಪಲಿ ಮೆಟ್ಟುವಾಗ ತಾಯಿ ಅಂಬುಜಾಬಾಯಿ ಟೀವಿ ಮುಂದಿನಿಂದ ಎದ್ದು ಬಂದರು.

"ಹೋಗಬ್ಯಾಡವಾ. ಅಲ್ಲಿ ನೋಡು, ಅಂಗಡಿ ಸುಡಾಕತ್ತಾರ."

"ಅದು ಲಂಡನ್ ಅಲ್ಲಬೇ. ನಾ ಲಗೂನ ಬರ್ತೀನಿ."

"ನೀ ಹೋಗೂದಾದ್ರ ಹೋಗು, ಕೂಸನ್ಯಾಕ ಕರಕೊಂಡು ಹೊಂಟೀ?"

ಪ್ರಾಚಿ ಆಗಲೇ ಗೇಟಿನಾಚೆ ನಿಂತು ಕೈ ಬೀಸುತ್ತಿದ್ದಳು.

ನೆಲದಡಿಯ ಟ್ಯೂಬ್ ರೈಲಿನಲ್ಲಿ ತನ್ನ ವಯಸ್ಸಿನ ಬಿಳಿಯ ಗಂಡಸು ಯಾರು ಹತ್ತಿದರೂ ಪ್ರಫುಲ್ಲಾ ಮುಖ ನೋಡುತ್ತಿದ್ದಳು. ಇವನೇ? ಅಥವಾ ಪೇಪರ್ ಓದುತ್ತಿರುವ ಅವನೇ? ಕಾರ್ಯಕ್ರಮವಿದ್ದ ಟೂಟಿಂಗ್‌ನಲ್ಲಿ ಕೆಲವು ಅಂಗಡಿಯವರು ಗಲಭೆಯ ಭಯಕ್ಕೆ ಮಧ್ಯಾಹ್ನಕ್ಕೇ ಶಟರ್ ಎಳೆದಿದ್ದರು.

ಪ್ರಾಚಿ ತಿಂಡಿ ತರಲು ಹೊರಗೆ ಹೋಗಿದ್ದಳು, ಹಾಲ್‌ನಲ್ಲಿ ಮೈಕ್ ಪರೀಕ್ಷೆ ನಡೆಯುತ್ತಿತ್ತು. ಬಾಗಿಲು ಇನ್ನೂ ತೆರೆದಿರಲಿಲ್ಲ, ಆದರೂ ಒಬ್ಬ ಹೇಗೋ ಒಳಗೆ ಬಂದು ಮುಂದಿನ ಸಾಲಿನಲ್ಲಿ ಕೂತಿದ್ದ. ವಯಸ್ಸಿಗೆ ಮೊದಲೇ ಮುದುಕನಾದ ಸಣಕಲು ಬಿಳಿಯ, ತಲೆಗೆ ಕ್ಯಾಪು. ಅಷ್ಟು ಸೆಖೆಯಲ್ಲೂ ಕೋಟು ತೊಟ್ಟು ಎರಡೂ ಕೈಗಳನ್ನು ಜೇಬಿಗೆ ಇಳಿಬಿಟ್ಟಿದ್ದ.

ಲೀರಾಯ್ ವೇದಿಕೆ ಇಳಿದ. "ಯಾರು ನೀವು?"

"ಟಿಕೆಟ್ ಇದೆ," ಎಂದ ಅವನು. ಅವನ ಕಣ್ಣು ಕಾರ್ಲ್‌ನ ಬಲಗೈ ಮೇಲಿತ್ತು. "ಆ ಕಾಮೆಂಟ್ ಬರೆದವನು ನಾನೇ. ಆ ಸಂಜೆ ನಾನೂ ಇದ್ದೆ. ಬಾಗಿಲ ಹತ್ತಿರ."

"ಕೈ ಹೊರಗೆ ತೆಗಿ!" ಲೀರಾಯ್‌ನ ದನಿಗೆ ಲೈಟಿನ ಹುಡುಗರೂ ತಿರುಗಿ ನೋಡಿದರು.

ಕೈಗಳು ನಿಧಾನವಾಗಿ ಹೊರಬಂದವು. ಖಾಲಿಯಾಗಿದ್ದವು. ಪ್ರಫುಲ್ಲಾ ಮೈಕ್ ಸ್ಟ್ಯಾಂಡನ್ನು ಭದ್ರವಾಗಿ ಹಿಡಿದುಕೊಂಡಳು.

"ಯಾಕೆ ಬಂದೆ?" ಕಾರ್ಲ್ ಕೇಳಿದ.

"ಕೇಳೋಕೆ. ಅವತ್ತು ನಮ್ಮನ್ನ ಒಳಗೆ ಬಿಡಲಿಲ್ಲ. ಗೋಡೆಯಾಚೆ ನಿಂತೇ ಕೇಳಿದ್ದೆ." ಕ್ಷಮೆಯ ಒಂದು ಮಾತು ಅವನ ಬಾಯಿಂದ ಬರಲಿಲ್ಲ.

ಲೀರಾಯ್ ಅವನ ಕಾಲರಿಗೆ ಕೈ ಹಾಕಿದ. ಎಳೆದು ಹೊರಗೆಸೆಯುವುದರಲ್ಲಿದ್ದ.

"ಬೇಡ," ಎಂದಳು ಪ್ರಫುಲ್ಲಾ. ತನ್ನ ದನಿ ತನಗೇ ಅಪರಿಚಿತವಾಗಿ ಕೇಳಿಸಿತು. "ಹೊರಗೆ ಹಾಕಿದರೆ ಅವನು ಎಲ್ಲಿದ್ದಾನೆ ಅಂತ ನನಗೆ ಗೊತ್ತಾಗಲ್ಲ. ಇಲ್ಲೇ ಕೂರಲಿ, ನನ್ನ ಕಣ್ಣೆದುರಿಗೆ. ಕೈ ಮೊಣಕಾಲ ಮೇಲಿರಲಿ."

ಹಾಲ್ ಜನರಿಂದ ತುಂಬಿತು. ಬಂದವರೆಲ್ಲ ಪ್ರಾಚಿಯ ವಯಸ್ಸಿನವರೇ. ಕಾರ್ಲ್ ರೆಕಾರ್ಡಿನ ಮೇಲೆ ಎಡಗೈ ಇಟ್ಟ, ಲೀರಾಯ್ ಅವಳತ್ತ ನೋಡಿದ. ಪ್ರಫುಲ್ಲಾ ತುಟಿ ಬಿಗಿದಳು. ಬರೀ ಗಾಳಿ ಬಂತು. ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತ್ತು. ಯಾರೋ ಹಿಂದೆ ಕೆಮ್ಮಿದರು. ಕಾರ್ಲ್ ಅದೇ ತುಣುಕನ್ನು ಮತ್ತೆ ತಿರುಗಿಸಿದ, ಮತ್ತೆ ತಿರುಗಿಸಿದ, ಅವಳಿಗಾಗಿ ಕಾದ. ಅವಳು ನೀರು ಗುಟುಕರಿಸಿ ಆ ಮುದುಕನ ಕೈಗಳನ್ನೇ ನೋಡುತ್ತ ಉಸಿರೆಳೆದಳು. ಬಾಯಿಂದ ಡ್ರಮ್ಮಿನ ಮೊದಲ ಪೆಟ್ಟು ಬಿತ್ತು. ಹಿಂದೆಯೇ ಇನ್ನೊಂದು ಬಿತ್ತು.

ಸರಿಯಾದ ಲಯವಲ್ಲ ಅದು. ಭಯ ಅವಳನ್ನು ಓಡಿಸುತ್ತಿತ್ತು, ಲೀರಾಯ್ ಪ್ರಾಸಗಳನ್ನು ನುಂಗುತ್ತ ಅವಳ ಹಿಂದೆ ಏದುಸಿರು ಬಿಟ್ಟು ಓಡುತ್ತಿದ್ದ. ಜನ ಅದೇ ಇವರ ಶೈಲಿ ಎಂದುಕೊಂಡು ಕೇಕೆ ಹಾಕಿದರು. ನಡುವೆ ಮುದುಕನ ಬಲಗೈ ಮೊಣಕಾಲು ಬಿಟ್ಟು ಜೇಬಿಗಿಳಿಯಿತು. ನಿಲ್ಲಿಸಿದರೆ ಮತ್ತೆ ಶುರು ಮಾಡಲಾರೆನೆಂದು ಅವಳಿಗೆ ಗೊತ್ತಿತ್ತು. ಆ ಜೇಬನ್ನೇ ನೋಡುತ್ತ, ಹೊಟ್ಟೆಯ ಆಳದಿಂದ ಪೆಟ್ಟು ಕೊಡುತ್ತ ಹಾಡನ್ನು ಕೊನೆ ಮುಟ್ಟಿಸಿದಳು. ಕೈ ಜೇಬಿನಿಂದ ಹೊರಬರಲಿಲ್ಲ.

ಎಲ್ಲರೂ ಎದ್ದು ಚಪ್ಪಾಳೆ ತಟ್ಟಿದರು. ನಿಂತವರ ನಡುವೆ ಅವನು ಮರೆಯಾದ. ಜನ ಸರಿದಾಗ ಕುರ್ಚಿ ಖಾಲಿಯಿತ್ತು. ಅದರ ಹಿಂದಿನ ಸಾಲಿನಲ್ಲಿದ್ದ ಪ್ರಾಚಿಯೂ ಇರಲಿಲ್ಲ.

ಪ್ರಫುಲ್ಲಾ ಮೈಕ್ ಕೆಳಗೆ ಹಾಕಿ ಜನರನ್ನು ತಳ್ಳಿಕೊಂಡು ಓಡಿದಳು. ಮಗಳು ಹೊರಬಾಗಿಲ ಹತ್ತಿರ ಫೋನ್ ಹಿಡಿದು ನಿಂತಿದ್ದಳು.

"ಮಮ್! ಯು ವರ್ ಅಮೇಜಿಂಗ್!"

"ಅವನು ಎಲ್ಲಿ? ಕ್ಯಾಪ್ ಹಾಕಿದ್ದವನು?"

"ಈಗಷ್ಟೇ ಹೋದರು. ನಾನು ನಿನ್ನ ಮಗಳಾ ಅಂತ ಕೇಳಿದರು, ಹೌದು ಅಂದೆ." ಪ್ರಾಚಿ ಇಂಗ್ಲಿಷಿನಲ್ಲಿ ಖುಷಿಯಿಂದಲೇ ಹೇಳಿದಳು. "ನಿಮ್ಮಮ್ಮ ಮೊದಲಿಗಿಂತ ಜೋರಾಗಿದ್ದಾಳೆ ಅಂದರು. ಯಾರದು?"

ಪ್ರಫುಲ್ಲಾ ಬೀದಿಯ ಎರಡೂ ಕಡೆ ನೋಡಿದಳು. ಬಸ್ಸುಗಳು, ಸಂತೆಯ ಚೀಲ ಹಿಡಿದ ಜನ, ಇಳಿಬಿಸಿಲು. ಒಳಗಿನಿಂದ ಅವಳ ಹೆಸರು ಹಿಡಿದು ಕೂಗುತ್ತಿದ್ದರು, ಇನ್ನೊಂದು ಹಾಡಿಗೆ. ಅವಳು ಮಗಳ ತೋಳು ಹಿಡಿದು ಒಳಗೆ ನಡೆದಳು.

"ಮಮ್, ನೋಯ್ತಿದೆ," ಎಂದಳು ಪ್ರಾಚಿ.

ವೇದಿಕೆಯ ಮೆಟ್ಟಿಲ ತನಕ ಅವಳು ಆ ತೋಳು ಬಿಡಲಿಲ್ಲ.