ಅಪ್ಪನ ಸೀಟಿಗೆ ಹೊಸ ಸ್ಪ್ರಿಂಗು

ಅಪ್ಪನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗುವುದಕ್ಕೆ ನಾನು ಬೈಕು ಬಿಚ್ಚಬೇಕಾಯಿತು. ಕೇಳಿದವರು ನಗುತ್ತಾರೆ. ನಗಲಿ ಬಿಡಿ, ಅವರಿಗೆ ನಮ್ಮಪ್ಪನ ಜೊತೆ ಏಗುವ ಕರ್ಮ ಇಲ್ಲ.

ಅವನಿಗೆ ಬೆನ್ನು ನೋವು ಶುರುವಾಗಿ ಎಷ್ಟೋ ಕಾಲವಾಗಿತ್ತು. ಜೊತೆಗೆ ಸಂಜೆಯಾದರೆ ಒಂದು ಒಣ ಕೆಮ್ಮು. ತಟ್ಟೆಗೆ ಹಾಕಿದ್ದರಲ್ಲಿ ಅರ್ಧ ಹಾಗೇ ಉಳಿಯುತ್ತಿತ್ತು. ಕೇಳಿದರೆ ತಂಗಿಯ ಅಡುಗೆಗೆ ಉಪ್ಪಿಲ್ಲ ಎನ್ನುತ್ತಿದ್ದ, ಉಪ್ಪು ಹಾಕಿದರೆ ಜಾಸ್ತಿಯಾಯಿತು ಎನ್ನುತ್ತಿದ್ದ. ಡಾಕ್ಟರು ಅಂದ ತಕ್ಷಣ ಎದ್ದು ಹೋಗಿ ಹಾಸಿಗೆ ಮಡಿಸುತ್ತಾ ನಿಲ್ಲುವನು. ಅಮ್ಮ ಇದ್ದಿದ್ದರೆ ಒಂದೇ ಮಾತಿನಲ್ಲಿ ಎಬ್ಬಿಸಿಕೊಂಡು ಹೋಗುತ್ತಿದ್ದಳು. ಅಮ್ಮ ಇಲ್ಲ, ನನ್ನ ಮಾತಿಗೆ ಮನೆಯಲ್ಲಿ ಅಷ್ಟು ಬೆಲೆಯೂ ಇಲ್ಲ. ನನಗೋ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಒಂದು ದಿನ ತಟ್ಟೆ ಕುಕ್ಕಿ, ನೀನು ಡಾಕ್ಟರ ಹತ್ತಿರ ಬರದೇ ಇದ್ದರೆ ನಾನು ಊಟ ಮಾಡುವುದಿಲ್ಲ ಅಂದೆ. ಎರಡನೆಯ ಹೊತ್ತಿಗೆ ಅವನು ಸೋತ, ಆದರೆ ಸುಮ್ಮನೆ ಸೋಲುವ ಜನವೇ ಅಲ್ಲ, ಒಂದು ಷರತ್ತು ಹಾಕಿದ.

ಅಪ್ಪ ಜೀವನವಿಡೀ ಲಾರಿ ಓಡಿಸಿದವನು. ಬೇರೆಯವರು ಓಡಿಸುವ ಗಾಡಿಯಲ್ಲಿ ಅವನಿಗೆ ಕೂರಲು ಬರುವುದಿಲ್ಲ. ಬಸ್ಸಿನಲ್ಲಿ ಕೂತರೆ ತಾನೂ ಕಾಲಲ್ಲಿ ಬ್ರೇಕು ಒತ್ತುತ್ತಿರುತ್ತಾನೆ. ಹೋದ ಸಲ ಒಂದು ಬಸ್ಸಿನ ಡ್ರೈವರಿಗೆ ಗೇರು ಹಾಕುವುದು ಹೇಗೆಂದು ಹಿಂದಿನಿಂದ ಪಾಠ ಹೇಳಿದ್ದಕ್ಕೆ ನಮ್ಮಿಬ್ಬರನ್ನೂ ಅರ್ಧ ದಾರಿಯಲ್ಲಿ ಇಳಿಸಿಬಿಟ್ಟಿದ್ದರು. ಕಾರು ಬಾಡಿಗೆಗೆ ಮಾಡಿದರೂ ಅದೇ ರಾಮಾಯಣ. ಅವನು ನಂಬಿ ಕೂರುವುದು ನನ್ನ ಬೈಕಿನ ಹಿಂದಿನ ಸೀಟಿನಲ್ಲಿ ಮಾತ್ರ, ಯಾಕೆಂದರೆ ನನಗೆ ಕಲಿಸಿದವನು ಅವನೇ. ಈಗ ಆ ಸೀಟಿನ ಮೇಲೇ ತಪ್ಪು ಹೊರಿಸಿದ. ಹಳ್ಳ ಹಾರಿದರೆ ಬೆನ್ನುಮೂಳೆ ಬಿಚ್ಚಿಕೊಂಡು ಕೈಗೆ ಬರುತ್ತದಂತೆ. ಕುಲುಕು ತಡೆಯುವ ಹಿಂದಿನ ಚಕ್ರದ ಶಾಕಪ್ಪುಗಳು ಸತ್ತಿವೆಯಂತೆ. ಹೊಸ ಜೋಡಿ ಹಾಕಿ ಕುಲುಕದ ಹಾಗೆ ಮಾಡು, ಆಮೇಲೆ ನೀನು ಹೇಳಿದ ಡಾಕ್ಟರ ಹತ್ತಿರ ತುಟಿಪಿಟಕ್ ಅನ್ನದೆ ಬರುತ್ತೇನೆ ಎಂದ. ನನ್ನ ಕೈಲಿ ಆಗದು ಎಂದುಕೊಂಡಿದ್ದ.

ಹೊಲಿಗೆ ಯಂತ್ರ ರಿಪೇರಿ ಮಾಡಿ ಹೊಟ್ಟೆ ಹೊರೆಯುವವಳು ನಾನು. ಮನೆಮನೆಗೆ, ಕಾರ್ಖಾನೆಗೆ, ಎಲ್ಲಿ ಸೂಜಿ ನಿಂತರೂ ಅಲ್ಲಿಗೆ ಅದೇ ಬೈಕಿನಲ್ಲಿ ಹೋಗುತ್ತೇನೆ. ನಟ್ಟು ಬೋಲ್ಟು ಕಂಡು ಹೆದರುವವಳಲ್ಲ. ಆದರೂ ಮೊದಲು ಗ್ಯಾರೇಜಿಗೆ ಹೋದೆ. ಅಲ್ಲಿಯ ಮೇಸ್ತ್ರಿ ಹಿಂದಿನ ಸೀಟನ್ನು ಎರಡು ಕೈಯಲ್ಲಿ ಒತ್ತಿ ಬಿಟ್ಟ, ಮತ್ತೆ ಒತ್ತಿದ, ಬೆರಳಲ್ಲಿ ರಾಡು ಸವರಿ ಎಣ್ಣೆ ಸೋರಿಲ್ಲ ಎಂದು ತೋರಿಸಿದ. ಏನೂ ಆಗಿಲ್ಲ ಹೋಗಮ್ಮ ಎಂದ. ಕೆಲಸ ಮಾಡಲು ಮೈಗಳ್ಳತನ, ಅದಕ್ಕೇ ಹೀಗನ್ನುತ್ತಾನೆ ಎಂದು ನಾನು ಅಲ್ಲೇ ಜಗಳ ತೆಗೆದೆ. ಹಿಂದೆ ಕೂರುವ ಮನುಷ್ಯ ಕುಲುಕುತ್ತದೆ ಅಂತಿರುವಾಗ ನಿನ್ನ ಬೆರಳನ್ನು ಯಾಕೆ ನಂಬಲಿ ಎಂದು ಕೇಳಿ ಬಂದೆ. ಬಿಡಿಭಾಗದ ಅಂಗಡಿಯವನು ಒಳ್ಳೆಯವನು. ಗ್ಯಾಸು ತುಂಬಿದ, ಪಕ್ಕದಲ್ಲಿ ಸಣ್ಣ ಡಬ್ಬಿ ಇರುವ ಜೋಡಿ ತೋರಿಸಿ, ಹಿಂದೆ ಕೂರುವವರ ತೂಕ ಎಷ್ಟು, ಅದಕ್ಕೆ ತಕ್ಕ ಸ್ಪ್ರಿಂಗು ಕೊಡುತ್ತೇನೆ ಎಂದ. ಅಪ್ಪನಿಗೆ ಅಲ್ಲಿಂದಲೇ ಫೋನು ಮಾಡಿದೆ. ಒಂದು ಕ್ಷಣವೂ ಯೋಚಿಸದೆ ತೊಂಬತ್ತು ಎಂದ. ಅಪ್ಪನಲ್ಲವೇ, ದಪ್ಪ ಮನುಷ್ಯ. ಅವನ ಜೊತೆಯ ಡ್ರೈವರುಗಳು ಅವನನ್ನು ಫುಲ್ ಲೋಡು ಎಂದೇ ಕರೆಯುತ್ತಿದ್ದರು.

ತಂಗಿ ಡಾಕ್ಟರ ಬಳಿ ಭಾನುವಾರ ಸಂಜೆಗೆ ಸಮಯ ಗೊತ್ತು ಮಾಡಿದಳು. ಆ ದಿನ ಬೆಳಿಗ್ಗೆ ತಿಂಡಿ ಗಂಟಲಲ್ಲಿ ಇಳಿಯುವ ಮೊದಲೇ ನಾನು ಮೆಟ್ಟಿಲ ಕೆಳಗಿನ ಸಿಮೆಂಟು ಅಂಗಳಕ್ಕೆ ಬೈಕು ತಳ್ಳಿಕೊಂಡು ಬಂದೆ. ಯಾಕೋ ಎದ್ದಾಗಿನಿಂದ ಕಾಲು ನಿಂತಲ್ಲಿ ನಿಲ್ಲದು. ಸಂಜೆಯೊಳಗೆ ಮುಗಿಯದಿದ್ದರೆ ಅಪ್ಪನಿಗೆ ಇನ್ನೊಂದು ನೆಪ ಸಿಗುತ್ತದೆ, ಇನ್ನೊಂದು ನೆಪ ಸಿಕ್ಕರೆ ಇನ್ನೊಂದು ತಿಂಗಳು ಹೋಗುತ್ತದೆ. ಆ ಕೆಮ್ಮು ನನಗೆ ಸ್ವಲ್ಪವೂ ಹಿಡಿಸುತ್ತಿರಲಿಲ್ಲ. ಬಾಯಿ ಬಿಟ್ಟು ಹೇಳಿರಲಿಲ್ಲ ಅಷ್ಟೇ, ನನಗೆ ಭಯವಾಗಿತ್ತು.

ಬೈಕನ್ನು ನಡುವಿನ ಸ್ಟ್ಯಾಂಡಿನ ಮೇಲೆ ಎತ್ತಿ ನಿಲ್ಲಿಸಿ, ಹಿಂದಿನ ಚಕ್ರದ ಕೆಳಗೆ ಮರದ ತುಂಡು ಕೊಟ್ಟೆ. ಎರಡೂ ಕಡೆಯದನ್ನು ಒಟ್ಟಿಗೆ ಬಿಚ್ಚಿದರೆ ಚಕ್ರ ಜೋತು ಬೀಳುತ್ತದೆ, ಆಮೇಲೆ ಎತ್ತಿ ಕೂರಿಸುವಷ್ಟರಲ್ಲಿ ಪ್ರಾಣ ಹೋಗುತ್ತದೆ. ಒಂದು ಕಡೆ ಬಿಚ್ಚಿ, ಹೊಸದು ಹಾಕಿ, ಆಮೇಲೆ ಇನ್ನೊಂದು ಕಡೆ. ಎಡಗಡೆಯದು ಸುಲಭವಾಗಿ ಬಂತು. ಬಲಗಡೆಯ ಕೆಳಗಿನ ಬೋಲ್ಟು ತುಕ್ಕು ಹಿಡಿದು, ನಾನು ಜಗ್ಗಿದಷ್ಟೂ ಬಿಗಿಯಾಯಿತು. ಎಣ್ಣೆ ಬಿಟ್ಟೆ. ನೆನೆಯಲಿ ಎಂದು ಕಾಯಬೇಕು, ಕಾಯುವುದು ನನ್ನ ಜಾತಕದಲ್ಲೇ ಇಲ್ಲ. ಗೇಟಿನ ತನಕ ಹೋದೆ, ಬಂದೆ, ಒಳಗೆ ಹೋಗಿ ನೀರು ಕುಡಿದೆ, ಬಂದು ಮತ್ತೆ ಸ್ಪ್ಯಾನರು ಹಾಕಿದೆ. ಸ್ಪ್ಯಾನರು ಜಾರಿ ಗೆಣ್ಣು ಸುಲಿಯಿತು. ಬೈದ ಬೈಗುಳಕ್ಕೆ ಮಹಡಿಯ ಮನೆಯವರು ಕಿಟಕಿ ಹಾಕಿಕೊಂಡರು.

ಅಪ್ಪ ಮೆಟ್ಟಿಲ ಮೇಲೆ ಕೂತು ನೋಡುತ್ತಿದ್ದ. ಬಿಸಿಲು ಚುರುಗುಟ್ಟುತ್ತಿದ್ದರೂ ಕೋಟು ಹಾಕಿಕೊಂಡಿದ್ದ. ಚಳಿ ಅಂದ. ಅವನ ವಯಸ್ಸಿಗೆ ಇರಬಹುದು ಎಂದುಕೊಂಡೆ. ಬೋಲ್ಟು ಬಾರದಿರುವುದು ಕಂಡು ಅವನ ಮುಖ ಸ್ವಲ್ಪ ಅರಳಿತು, ಅದು ನನ್ನ ಕಣ್ಣು ತಪ್ಪಲಿಲ್ಲ. ಇವತ್ತು ಆಗದಿದ್ದರೆ ಬಿಡು, ಮುಂದಿನ ವಾರ ನೋಡೋಣ ಎಂದ. ನಾನು ಸ್ಪ್ಯಾನರಿನ ಹಿಡಿಗೆ ಉದ್ದನೆಯ ಪೈಪು ಸಿಕ್ಕಿಸಿ ಎರಡೂ ಕಾಲು ಊರಿ ಎಳೆದೆ. ಕಿರ್ರೆಂದು ಬೋಲ್ಟು ತಿರುಗಿತು. ಅಪ್ಪ ಕೆಮ್ಮಿದ.

ಹೊಸದರಲ್ಲಿ ಬೋಲ್ಟು ಕೂರುವ ಕಣ್ಣು ಸ್ವಲ್ಪ ದೊಡ್ಡದು. ಒಂದೊಂದು ವಾಷರು ಜಾಸ್ತಿ ಹಾಕಿ, ಗ್ರೀಸು ಸವರಿ, ಎರಡೂ ಬಿಗಿ ಮಾಡಿದೆ. ಊಟಕ್ಕೆ ಕರೆದ ತಂಗಿಗೆ ಬೈದು ಕಳಿಸಿದೆ. ಅವಳು, ಹೊಲಿಗೆ ಯಂತ್ರಕ್ಕೂ ಇದಕ್ಕೂ ಬೆಲ್ಟು ಗಿಲ್ಟು ಅದಲು ಬದಲು ಮಾಡಿಬಿಟ್ಟೀಯಾ, ರಸ್ತೆಯಲ್ಲಿ ಅಂಗಿ ಹೊಲಿದುಕೊಂಡು ಹೋಗುತ್ತದೆ ಎಂದು ಕಿಚಾಯಿಸಿ ಒಳಗೆ ಹೋದಳು.

ಇನ್ನು ಉಳಿದದ್ದು ಅಳತೆ. ಅಂಗಡಿಯವನು ಹೇಳಿಕೊಟ್ಟಿದ್ದ. ಚಕ್ರ ನೆಲ ಬಿಟ್ಟು ಜೋತಾಡುವಾಗ ಅದರ ಅಚ್ಚಿನಿಂದ ಸೀಟಿನ ಕೆಳಗಿನ ಒಂದು ಗುರುತಿಗೆ ಟೇಪು ಹಿಡಿಯಬೇಕು. ಆಮೇಲೆ ಬೈಕು ನೆಲಕ್ಕಿಳಿಸಿ, ಇಬ್ಬರೂ ಕೂತು, ಮತ್ತೆ ಹಿಡಿಯಬೇಕು. ಸ್ಪ್ರಿಂಗು ತನ್ನ ಪೂರ್ತಿ ಆಟದಲ್ಲಿ ಮೂರರಲ್ಲಿ ಒಂದು ಪಾಲು ಕುಸಿದರೆ ಸರಿ. ಕಡಿಮೆ ಕುಸಿದರೆ ಸ್ಪ್ರಿಂಗು ಕೂತವರಿಗೆ ಬಿರುಸು, ಕುಲುಕುತ್ತದೆ. ಕೆಳಗಿನ ಹಲ್ಲುಹಲ್ಲಿನ ಉಂಗುರ ತಿರುಗಿಸಿ ಹದ ಮಾಡಿಕೊಳ್ಳಬೇಕು.

ಇದನ್ನು ಹೇಳಿದಾಗ ಅಪ್ಪ ಕೂರಲು ಒಪ್ಪಲೇ ಇಲ್ಲ. ಅಳತೆ ಗಿಳತೆ ಬೇಡ, ನೇರ ಹೋಗೋಣ ಎಂದ. ಇಷ್ಟೊತ್ತು ಮುಂದಿನ ವಾರ ಎನ್ನುತ್ತಿದ್ದವನು ಈಗ ಅವಸರ ಮಾಡುತ್ತಾನಲ್ಲ ಎಂದು ನನಗೆ ಇನ್ನೂ ರೇಗಿತು. ಕೂರು ಅಂದರೆ ಕೂರಬೇಕು ಎಂದೆ. ನಾನು ಮುಂದೆ ಕೂತು ಹ್ಯಾಂಡಲು ಹಿಡಿದೆ. ಹಿಂದೆ ತಂಗಿಯೊಡನೆ ಅವನು ಏನೋ ಗುಸುಗುಸು ಮಾಡಿದ, ಕಬ್ಬಿಣದ ಸದ್ದಾಯಿತು, ಆಮೇಲೆ ಸೀಟು ನಿಧಾನವಾಗಿ ಕುಸಿಯಿತು. ತಂಗಿ ಟೇಪು ಹಿಡಿದು ಓದಿದಳು. ಬಹುತೇಕ ಸರಿಯಾಗಿತ್ತು. ಬೆಳಗಿನಿಂದ ಮೊದಲ ಸಲ ನನ್ನ ಎದೆ ಹಗುರಾಯಿತು. ಒಂದೇ ಒಂದು ಹಲ್ಲು ತಿರುಗಿಸಿದರೆ ಮುಗಿಯಿತು, ಉಂಗುರದ ಸ್ಪ್ಯಾನರು ಕೊಡು ಎಂದೆ.

"ಪೆಟ್ಟಿಗೆ ಅಪ್ಪನ ತೊಡೆ ಮೇಲಿದೆಯಲ್ಲ," ಎಂದಳು ತಂಗಿ. "ತಾಳು, ಇಳಿಸ್ತೀನಿ. ಅಬ್ಬಾ, ಏನು ಭಾರ ಇದು."

ಅವಳು ಅದನ್ನು ಎತ್ತಿದ್ದೇ ತಡ, ನಾನು ಕೂತಿದ್ದ ಬೈಕು ಹಿಂದಿನಿಂದ ಮೇಲೆದ್ದಿತು. ಸ್ವಲ್ಪ ಅಲ್ಲ. ಅಪ್ಪ ಇಳಿದನೆಂದೇ ತಿಳಿದು ತಿರುಗಿದೆ. ಅವನು ಹಾಗೇ ಕೂತಿದ್ದ, ಎರಡೂ ಕೈ ತೊಡೆಯ ಮೇಲೆ. ತಂಗಿಯ ಕೈಯಲ್ಲಿ ನನ್ನ ಕಬ್ಬಿಣದ ಪೆಟ್ಟಿಗೆ, ಅದರೊಳಗೆ ನನ್ನ ಸಾಮಾನಿನ ಜೊತೆ ಬಿಚ್ಚಿಟ್ಟ ಹಳೆಯ ಶಾಕಪ್ಪು ಎರಡೂ. ಯಾರಾದರೂ ಎತ್ತಿಕೊಂಡು ಹೋದಾರು, ತೊಡೆ ಮೇಲಿಡು ಎಂದು ಅವನೇ ಇಡಿಸಿಕೊಂಡಿದ್ದನಂತೆ.

ನಾನು ಟೇಪು ಕಿತ್ತುಕೊಂಡೆ. ಅಪ್ಪನ ಮುಂದೆ ತಂಗಿಯನ್ನು ಕೂರಿಸಿ ನಾನೇ ಅಳೆದೆ. ಅಪ್ಪನನ್ನು ಇಳಿಸಿ, ಅವನ ಜಾಗದಲ್ಲಿ ಆ ಕಡ್ಡಿಯಂಥ ತಂಗಿಯನ್ನು ಕೂರಿಸಿ, ಇಬ್ಬರಲ್ಲಿ ಯಾರಿಗೆ ಹೆಚ್ಚು ಕುಸಿಯುತ್ತದೆಂದು ನೋಡಬೇಕೆನ್ನಿಸಿತು. ಅದರ ಅಗತ್ಯವಿರಲಿಲ್ಲ. ಅಳತೆ ಕಣ್ಣೆದುರಿಗೇ ಇತ್ತು. ಆ ಸ್ಪ್ರಿಂಗು ತೊಂಬತ್ತು ಕಿಲೋ ತೂಗುವ ಮನುಷ್ಯನಿಗೆ ಮಾಡಿದ್ದು, ಅವನು ಅಲ್ಲಿರಲಿಲ್ಲ. ಗ್ಯಾರೇಜಿನ ಮೇಸ್ತ್ರಿ ಸರಿಯಾಗೇ ಹೇಳಿದ್ದ. ಹಳೆಯದಕ್ಕೆ ಏನೂ ಆಗಿರಲಿಲ್ಲ. ಅದರ ಮೇಲೆ ಕೂರುವವನು ಕರಗಿಹೋಗಿದ್ದ, ಅದಕ್ಕೇ ಅದು ಅವನನ್ನು ಎತ್ತಿ ಹಾಕುತ್ತಿತ್ತು.

ನಾನು ಅವನ ಕೋಟಿನ ತೋಳು ಹಿಡಿದೆ. ಒಳಗೆ ಸ್ವೆಟರು, ಅದರೊಳಗೆ ಒಂದು ಅಂಗಿ, ಅದರೊಳಗೆ ಇನ್ನೊಂದು. ಅಷ್ಟೆಲ್ಲ ಬಟ್ಟೆಯ ಕೊನೆಗೆ ನನ್ನ ಬೆರಳುಗಳು ಒಂದಕ್ಕೊಂದು ತಾಗಿದವು. ದಿನಾ ಒಂದೇ ಮನೆಯಲ್ಲಿದ್ದು, ದಿನಾ ಅವನ ಮೇಲೆ ಕೂಗಾಡಿ, ನಾನು ನೋಡಿದ್ದಾದರೂ ಏನನ್ನು? ಅಳು ಬರಬೇಕಿತ್ತು, ಬಂದದ್ದು ಕೋಪ.

"ಸ್ಪ್ರಿಂಗಿಗೆ ಮೋಸ ಮಾಡೋಕೆ ಹೋಗಿದ್ಯಾ ನೀನು?"

ಅಪ್ಪ ನಗಲು ನೋಡಿದ. "ಲಾರಿಯವರೆಲ್ಲ ತೂಕದ ಕಾಟಾದಲ್ಲಿ ಕಮ್ಮಿ ತೋರಿಸೋಕೆ ಆಟ ಕಟ್ತಾರೆ. ನಾನೊಬ್ಬ ಜಾಸ್ತಿ ತೋರಿಸೋಕೆ ಕಟ್ಟಿದೆ."

ತಂಗಿ ಪೆಟ್ಟಿಗೆ ಹಿಡಿದುಕೊಂಡೇ ನಿಂತಿದ್ದಳು, ಕೆಳಗಿಡುವುದೂ ಹೊಳೆದಿರಲಿಲ್ಲ. ನಾನು ಬಾಯಿಗೆ ಬಂದ ಹಾಗೆ ಕೂಗಿದೆ. ಯಾವಾಗಿನಿಂದ, ಯಾಕೆ ಹೇಳಲಿಲ್ಲ, ನಾವಿಬ್ಬರು ಸತ್ತಿದ್ದೀವಾ ಎಂದೆಲ್ಲ ಕೇಳಿದೆ. ಅವನು ಎಲ್ಲ ಮುಗಿಯುವ ತನಕ ಕಾದ. ಲಾರಿಯ ಹಿಂಬದಿ ನೋಡಿಯೇ ಎಷ್ಟು ಸರಕಿದೆ ಎಂದು ಹೇಳುತ್ತಿದ್ದ ಮನುಷ್ಯ. ಸ್ಪ್ರಿಂಗು ಅವನ ಗುಟ್ಟು ರಟ್ಟು ಮಾಡುತ್ತದೆಂದು ನನಗಿಂತ ಮೊದಲೇ ಅವನಿಗೆ ಗೊತ್ತಿತ್ತು.

"ಡಾಕ್ಟರು ಕಾಯಿಲೆ ಹೆಸರು ಹೇಳಿಬಿಟ್ರೆ ಅದೇ ಆಗ್ಬಿಡುತ್ತೆ, ಮಗಳೇ," ಎಂದ. "ಹೇಳೋವರೆಗೂ ನಾನು ಬರೀ ಸಣ್ಣಗಾದವನು."

ಕೂಗುವವಳಿಗೆ ಕೂಗು ನಿಂತರೆ ಕೈ ಎಲ್ಲಿಡಬೇಕೆಂದೇ ತಿಳಿಯುವುದಿಲ್ಲ. ಉಂಗುರದ ಸ್ಪ್ಯಾನರು ತೆಗೆದುಕೊಂಡು ಚಕ್ರದ ಪಕ್ಕ ಕುಕ್ಕರಗಾಲಲ್ಲಿ ಕೂತೆ. ಒಂದು ಹಲ್ಲು ಸಡಿಲಿಸಿದೆ. ಅವನು, ನಾನು ಇಬ್ಬರೂ ಕೂತೆವು, ತಂಗಿ ಅಳೆದಳು, ಸಾಲಲಿಲ್ಲ. ಇನ್ನೊಂದು. ಮತ್ತೂ ಒಂದು. ಅಪ್ಪ ಪ್ರತಿ ಸಲವೂ ಇಳಿದ, ಮತ್ತೆ ಹತ್ತಿದ. ಕೊನೆಯ ಹಲ್ಲಿಗೆ ಬಂದು ನಿಂತಾಗ, ಇನ್ನು ಕೆಳಗೆ ತಿರುಗಿಸಲು ಜಾಗವೇ ಇಲ್ಲದಾಗ, ಅಳತೆ ಸರಿಹೋಯಿತು. ಎರಡೂ ಕಡೆ ಅದೇ ಹಲ್ಲಿಗೆ ಕೂರಿಸಿ ಸ್ಪ್ಯಾನರು ಒರೆಸಿಟ್ಟೆ.

"ಈಗ ಕುಲುಕಲ್ಲ," ಎಂದೆ.

ಅವನು ಒಳಗೆ ಹೋಗಿ ಕೋಟು, ಸ್ವೆಟರು, ಒಂದು ಅಂಗಿ ಬಿಚ್ಚಿಟ್ಟು ಬಂದ. ಉಳಿದ ಅಂಗಿಯಲ್ಲಿ ಅವನು ಯಾರೋ ಬೇರೆಯವನಂತೆ ಕಂಡ. ತಂಗಿ ಸೆರಗಿನಲ್ಲಿ ಮುಖ ಒರೆಸಿಕೊಂಡು ಗೇಟು ತೆಗೆದಳು. ಕೊಟ್ಟ ಮಾತಿಗೆ ತಪ್ಪದೆ ಅಪ್ಪ ತುಟಿಪಿಟಕ್ ಅನ್ನದೆ ಹತ್ತಿ ಕೂತ.

ರಸ್ತೆ ಎಂದಿನಂತೆ ಹಾಳಾಗಿತ್ತು. ನಾನು ಹಳ್ಳ ತಪ್ಪಿಸಿದೆ, ತಪ್ಪಿಸಲಾಗದ್ದನ್ನು ಮೆಲ್ಲಗೆ ದಾಟಿದೆ. ಹಿಂದಿನ ಚಕ್ರ ಇಳಿದು ಎದ್ದದ್ದು ನನಗೇ ಗೊತ್ತಾಗಲಿಲ್ಲ. ಮೊದಲೆಲ್ಲ ಬ್ರೇಕು ಹಾಕಿದರೆ ಅಪ್ಪನ ಭಾರವೆಲ್ಲ ಬಂದು ನನ್ನ ಬೆನ್ನಿಗೆ ಒರಗುತ್ತಿತ್ತು, ಬೈಯುತ್ತಲೇ ತಡೆದುಕೊಳ್ಳುತ್ತಿದ್ದೆ. ಈಗ ಸಿಗ್ನಲ್ಲಿನಲ್ಲಿ ನಿಂತೆ, ಏನೂ ಒರಗಲಿಲ್ಲ. ತಿರುವಿನಲ್ಲಿ ವಾಲಿದೆ, ಹಿಂದೆ ಯಾರೂ ವಾಲಿದಂತಿರಲಿಲ್ಲ. ಆಸ್ಪತ್ರೆಯ ಬೋರ್ಡು ಕಾಣುವ ಹೊತ್ತಿಗೆ ನನ್ನಿಂದ ತಡೆಯಲಾಗಲಿಲ್ಲ.

"ಅಪ್ಪಾ, ಹಿಂದೆ ಇದೀಯಾ?"

"ಇದೀನಿ," ಎಂದ ಅವನು, ಕಿವಿಯ ಹತ್ತಿರವೇ. "ನೀನು ರಸ್ತೆ ನೋಡು."