ಎಡಗೈಯ ರೈಫಲ್ಲು

ತೇಜಸ್ವಿನಿಯ ಹೊಸ ರೈಫಲ್ಲಿಗೆ ಬೋಲ್ಟು ಎಡಗಡೆ ಇತ್ತು. ಒಂದು ಗುಂಡು ಹಾರಿದ ಮೇಲೆ ಇನ್ನೊಂದನ್ನು ಒಳಗೆ ತರಲು ಎತ್ತಿ, ಹಿಂದೆಳೆದು, ಮುಂದೆ ತಳ್ಳುವ ಹಿಡಿ ಅದು. ಸಾಮಾನ್ಯವಾಗಿ ಬಲಗಡೆ ಇರುತ್ತದೆ. ಕತ್ತರಿಯಿಂದ ಹಿಡಿದು ಈಳಿಗೆಮಣೆಯವರೆಗೆ ಈ ಲೋಕವನ್ನು ಬಲಗೈಯವರು ತಮಗೆಂದೇ ಮಾಡಿಕೊಂಡಿದ್ದಾರೆ. ನಲವತ್ತು ದಾಟಿದ ಮೇಲೆ ಅವಳ ಎಡಗೈಗೆಂದೇ ಮಾಡಿದ ಮೊದಲ ವಸ್ತು ಸಿಕ್ಕಿತ್ತು, ಅದೂ ಬಂದೂಕು. ಖುಷಿಪಡಬೇಕಿತ್ತು. ಖುಷಿಪಡಲೂ ಮೈಯಲ್ಲಿ ತ್ರಾಣ ಬೇಕಲ್ಲ.

ಪರದೇಶದ ನೆಲ್ಸನ್ ಎಂಬ ಊರಿನ ಆಸ್ಪತ್ರೆಯಲ್ಲಿ ಅವಳಿಗೆ ನರ್ಸು ಕೆಲಸ, ಊರಾಚೆಯ ಇಳಿಜಾರಿನಲ್ಲಿ ಸೇಬಿನ ಸಸಿಗಳು. ತೋಟ ಗಂಡ ಆದರ್ಶನ ಕನಸು. ಅವನು ಬಂದರಿನಲ್ಲಿ ಎಂಜಿನಿಯರು, ಹಾಗಾಗಿ ಕನಸು ಅವನದು, ಗುದ್ದಲಿ ಇವಳದು. ಗುಡ್ಡದ ಪೈನ್ ಕಾಡಿನಿಂದ ಕಾಡುಮೇಕೆಗಳು ಇಳಿದು ಬಂದು ಸಸಿಗಳ ತೊಗಟೆ ಸುಲಿದು ತಿನ್ನುತ್ತಿದ್ದವು. ಎರಡು ಸಲ ನೆಟ್ಟದ್ದೂ ಹೋಗಿತ್ತು. "ಈ ಸಲಾನೂ ಹೋದ್ರೆ ಜಾಗ ಮಾರ್ಬಿಡೋಣ ಕಣೆ," ಎಂದಿದ್ದ ಆದರ್ಶ. ಅಷ್ಟು ಬೆನ್ನು ಬಗ್ಗಿಸಿದ್ದು ನೀರಿನಲ್ಲಿ ಹೋಮ ಮಾಡಿದಂತಾಗುತ್ತದಲ್ಲ ಎಂದು ಅವಳಿಗೆ ಹೊಟ್ಟೆ ಉರಿಯುತ್ತಿತ್ತು.

ಆದರ್ಶನ ಹಳೇ ಬಲಗೈ ರೈಫಲ್ಲಿನಿಂದ ಅವಳು ಹೊಡೆದದ್ದೆಲ್ಲ ಗಾಳಿಗೆ. ಬಂದೂಕಿನ ಅಂಗಡಿಗೆ ಹೋದಾಗ ಮುದುಕ ಅಂಗಡಿಯವನು ಮಾತಿನ ನಡುವೆ ಒಂದು ಎಣ್ಣೆ ಡಬ್ಬಿಯನ್ನು ತಟ್ಟನೆ ಅವಳತ್ತ ಎಸೆದ. ಹಿಡಿದದ್ದು ಎಡಗೈ. ನೀವು ಎಡಗೈಯವರು, ಗುರಿ ನೋಡುವ ಕಣ್ಣೂ ಎಡದ್ದೇ ಇರಬೇಕು, ಬಲಗಡೆ ಹಿಡಿದರೆ ಗುರಿ ಹೇಗೆ ಸಿಕ್ಕೀತು ಎಂದು ಈ ರೈಫಲ್ಲನ್ನು ತೆಗೆದುಕೊಟ್ಟ. ಹತ್ತು ವರ್ಷ ಸಂಸಾರ ಮಾಡಿದ ಗಂಡನಿಗೆ ಗೊತ್ತಾಗದ್ದು ಅವನಿಗೆ ಒಂದು ಗಳಿಗೆಯಲ್ಲಿ ಗೊತ್ತಾಗಿತ್ತು.

ಗಂಡನನ್ನು ಬೈದು ಪ್ರಯೋಜನವಿಲ್ಲ. ಎಡಗೈಯನ್ನು ಬಚ್ಚಿಡುವುದನ್ನು ಕಲಿಸಿದ್ದು ಅವ್ವ. ಊಟಕ್ಕೆ ಕೂತಾಗ ಹಳೇ ಸೀರೆಯ ಅಂಚಿನಲ್ಲಿ ಆ ಕೈಯನ್ನು ಬೆನ್ನಿಗೆ ಕಟ್ಟುತ್ತಿದ್ದಳು. "ಗಿಡದಲ್ಲೇ ಬಗ್ಗಿಸ್ಬೇಕು," ಎನ್ನುತ್ತಿದ್ದಳು.

ಆ ಅವ್ವ, ಮಂಡ್ಯದ ಕಮಲಮ್ಮ, ಈಗ ಮಗಳ ಮನೆಗೆ ಬಂದಿದ್ದಳು. ಹೊಸ ರೈಫಲ್ಲನ್ನು ಮುಟ್ಟಿ ನೋಡಿ, "ಒನಕೆಗಿಂತ ಅಗುರ ಐತಲ್ಲವ್ವ!" ಎಂದಳು. ಹಗುರವೇ ಇತ್ತು. ಎಣ್ಣೆ ವಾಸನೆ, ತಣ್ಣನೆಯ ಕಬ್ಬಿಣ, ಕೆನ್ನೆಗೆ ಸರಿಯಾಗಿ ಕೂರುವ ಹಿಡಿ. ದುರ್ಬೀನಿನಲ್ಲಿ ಎದುರು ಗುಡ್ಡದ ಒಂದೊಂದು ಹುಲ್ಲುಕಡ್ಡಿಯೂ ಕಾಣುತ್ತಿತ್ತು. ಎಲ್ಲ ಸರಿ. ಆದರೆ ಗ್ಯಾರೇಜಿನಲ್ಲಿ ಖಾಲಿ ರೈಫಲ್ಲು ಹಿಡಿದು ಅಭ್ಯಾಸಕ್ಕೆ ನಿಂತರೆ, ಗುಂಡು ಹಾರಿಸುವ ಕುದುರೆ ಎಳೆದ ಕೂಡಲೇ ಬೋಲ್ಟಿಗೆ ಹೋಗುತ್ತಿದ್ದದ್ದು ಬಲಗೈ. ಅಲ್ಲಿ ನುಣ್ಣನೆಯ ಕಬ್ಬಿಣ ಬಿಟ್ಟರೆ ಏನೂ ಇಲ್ಲ. ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ. ವಾರವಿಡೀ ಅವಳು ಅದೇ ತಪ್ಪು ಮಾಡಿದಳು. ಅವ್ವ ಬಾಗಿಲಲ್ಲಿ ಕೂತು ಅವರೆಕಾಯಿ ಸುಲಿಯುತ್ತ ನೋಡಿದಳು.

ಭಾನುವಾರ ಸಂಜೆ ಮೇಕೆಗಳು ಇಳಿದವು. ತೇಜಸ್ವಿನಿ ಗೇಟಿನ ಮೇಲೆ ರೈಫಲ್ಲು ಊರಿ ನಿಂತಳು. ಹಿಂದೆ, ಗುಂಡಿನ ಸದ್ದು ತಡೆಯಲು ದೊಡ್ಡ ಕಿವಿಮುಚ್ಚಿಗೆ ಏರಿಸಿಕೊಂಡ ಅವ್ವ. ಮುಂದಾಳು ಹೋತ ಸಸಿಯೊಂದಕ್ಕೆ ಬಾಯಿ ಹಾಕಿತು. ಹೊಡೆದಳು. ಗುಂಡು ಹೋತದ ಮೇಲಿಂದ ಹಾದು ಹಿಂದಿನ ಮಣ್ಣಿಗೆ ಬಡಿಯಿತು. ಹೋತ ತಲೆ ಎತ್ತಿ ನಿಂತಿತು.

ಅವಳ ಬಲಗೈ ಇಲ್ಲದ ಬೋಲ್ಟನ್ನು ತಡಕಾಡಿತು. ಥೂ, ನನ್ನ ಹಣೆಬರಹವೇ ಇಷ್ಟು ಎನ್ನಿಸಿತು. ಸಿಟ್ಟೂ ಬರಲಿಲ್ಲ, ಅಷ್ಟು ದಣಿದಿದ್ದಳು. ಹೋದರೆ ಹೋಗಲಿ, ಮಾರಿಬಿಡೋಣ.

"ಎಡಗೈಲಿ ಎಳೀಯವ್ವೋ! ಎಡಗೈಲಿ!" ಅವ್ವ ಗುಡ್ಡ ಮಾರ್ದನಿಸುವಂತೆ ಕಿರುಚಿದಳು.

ಮೇಕೆಗಳು ಬೆದರಿ ತಿರುಗಿದವು. ತೇಜಸ್ವಿನಿಯ ಎಡಗೈ ಎದ್ದು ಬೋಲ್ಟನ್ನು ಹಿಂದೆಳೆದು ಮುಂದೆ ತಳ್ಳಿತು. ಹೋತ ಗುಡ್ಡದ ಏರಿನಲ್ಲಿ ಒಂದು ಕ್ಷಣ ಅಡ್ಡಲಾಗಿ ನಿಂತಿತು. ಎರಡನೇ ಗುಂಡಿಗೆ ಅದು ಬಿದ್ದಿತು. ಉಳಿದವು ಕಾಡು ಸೇರಿದವು. ಮತ್ತೆ ಬರುತ್ತವೆ, ಅದು ಅವಳಿಗೂ ಗೊತ್ತಿತ್ತು. ಆದರೆ ಈಗ ಇವಳೂ ಇದ್ದಾಳೆ.

ರೈಫಲ್ಲನ್ನು ಖಾಲಿ ಮಾಡಿಟ್ಟು ಹುಲ್ಲಿನ ಮೇಲೆ ಕುಸಿದು ಕೂತಳು. ಅವ್ವ ಫ್ಲಾಸ್ಕಿನಿಂದ ಲೋಟಕ್ಕೆ ಕಾಫಿ ಬಗ್ಗಿಸಿ, ಅವಳ ಎಡಮಗ್ಗುಲಿಗೆ ಬಂದು ಹಿಡಿದಳು.

"ಈ ಕೈಲೇ ಇಸ್ಕೊ."

ಇಷ್ಟು ವರ್ಷ ಈ ಮಾತಿಗಾಗಿ ಕಾದಿದ್ದೆ ಎಂದು ತೇಜಸ್ವಿನಿಗೆ ಆಗಲೇ ತಿಳಿದದ್ದು. ಕೈ ಚಾಚಿದಳು. ಚಾಚಿದ್ದು ಬಲಗೈ.

ಅವ್ವ ಲೋಟ ಬಿಡಲಿಲ್ಲ. ಕಾಫಿ ಆರುತ್ತಿದ್ದರೂ ಎಡಗೈ ಬರುವವರೆಗೆ ಹಾಗೇ ಹಿಡಿದುಕೊಂಡು ನಿಂತಳು.