ಸ್ಪಿರಿಟ್ಟು ತಾಗಿದ ಮಗ್ಗುಲು

ಗ್ರಾಮಫೋನ್ ರಿಪೇರಿಯವನು ತನ್ನ ಅಕ್ಕನ ಗಂಡನಿಗೆ ಫೋನಿನಲ್ಲಿ ಒಂದಲ್ಲ, ಮೂರು ಸಲ ಹೇಳಿದ್ದ: "ಭಾವ, ರೆಕಾರ್ಡು ಸಿಕ್ಕಿದ ಹಾಗೇ ತನ್ನಿ. ಒರೆಸೋಕೆ ಹೋಗಬೇಡಿ." ಭಾವ ಮೂರು ಸಲವೂ ಹೂಂಗುಟ್ಟಿದ್ದರು. ಮೂವತ್ತು ವರ್ಷ ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿದ್ದ ಮನುಷ್ಯ. ಗಾಯವಿರಲಿ, ಗಾಜಿರಲಿ, ಸ್ಪಿರಿಟ್ಟು ಹಚ್ಚಿ ಒರೆಸದೆ ಅವರಿಗೆ ಸಮಾಧಾನವಿಲ್ಲ.

ಈಗ ಆ ರೆಕಾರ್ಡು ಅವನ ಮೇಜಿನ ಮೇಲಿತ್ತು. ಅಮ್ಮ ಹದಿನೇಳರ ಹುಡುಗಿಯಾಗಿದ್ದಾಗ ಹಾಡಿದ್ದು. ಒಂದು ಮಗ್ಗುಲಲ್ಲಿ ಅವಳೊಬ್ಬಳೇ, ಇನ್ನೊಂದರಲ್ಲಿ ಮೂವರು ಗೆಳತಿಯರ ಜೊತೆ. ಮದುವೆಯಾಯಿತು, ಹಾಡು ನಿಂತಿತು. ಅಮ್ಮ ಗುನುಗುವುದನ್ನು ಮಕ್ಕಳಿಬ್ಬರೂ ಕೇಳಿದ್ದರೇ ಹೊರತು ಬಾಯಿಬಿಟ್ಟು ಹಾಡಿದ್ದನ್ನು ಕೇಳಿರಲಿಲ್ಲ. ಅವಳು ತೀರಿಕೊಂಡು ಹತ್ತು ವರ್ಷದ ಮೇಲೆ ಅಕ್ಕನಿಗೆ ಟ್ರಂಕಿನ ತಳದಲ್ಲಿ ಇದು ಸಿಕ್ಕಿತ್ತು.

ದೀಪದ ಕೆಳಗೆ ವಾರೆ ಮಾಡಿ ನೋಡಿದ. ಅಮ್ಮನೊಬ್ಬಳೇ ಹಾಡಿದ ಮಗ್ಗುಲು ಬೂದಿ ಬಳಿದಂತಿತ್ತು.

"ಇದು ಅರಗು ಭಾವ, ಅರಗು! ಸ್ಪಿರಿಟ್ಟಲ್ಲಿ ಕರಗಿ ಹೋಗುತ್ತೆ. ಹಾಡಿನ ಗೆರೆಗಳೇ ಹೋಗಿವೆ."

"ಧೂಳಿತ್ತಪ್ಪಾ," ಎಂದರು ಭಾವ, ಮೆಲ್ಲಗೆ.

"ನಿಮಗೆ ಹೇಳೋದೂ ಒಂದೇ, ಗೋಡೆಗೆ ಹೇಳೋದೂ ಒಂದೇ."

 ಅಕ್ಕ ಮನೆಯಿಂದ ಬರುವ ದಾರಿಯಲ್ಲೇ ತನ್ನ ಪಾಲಿನ ಬೈಗುಳ ಆಡಿ ಮುಗಿಸಿದ್ದಳು.

ಅವನು ಹಲ್ಲು ಕಚ್ಚಿಕೊಂಡು ಇನ್ನೊಂದು ಮಗ್ಗುಲು ತೊಳೆಯಲು ಕೂತ. ನಡುವಿನ ಕಾಗದ ನೆನೆಯದಂತೆ ಅದರ ಮೇಲೆ ಡಬ್ಬಿಯ ಮುಚ್ಚಳ ಒತ್ತಿ ಹಿಡಿದ. ಡಿಸ್ಟಿಲ್ಡ್ ವಾಟರಿಗೆ ಒಂದೇ ತೊಟ್ಟು ಸೋಪಿನ ದ್ರಾವಣ ಬಿಟ್ಟು, ಮೆತ್ತನೆಯ ಬ್ರಷ್ಷನ್ನು ಗೆರೆಗಳ ಜಾಡಿನಲ್ಲೇ ಸುತ್ತಿಸಿದ. ಬರೀ ನೀರಿನಲ್ಲಿ ಮತ್ತೆ ತೊಳೆದ. ನೂಲು ಬಿಡದ ಬಟ್ಟೆಯನ್ನು ಉಜ್ಜದೆ, ಬರೀ ಒತ್ತಿದ.

"ಬಿಸಿಲಿಗಿಟ್ರೆ ಬೇಗ ಒಣಗುತ್ತಲ್ವಾ?"

"ಸೊಟ್ಟಗಾಗುತ್ತೆ! ಭಾವ, ದಯವಿಟ್ಟು ಕೈ ಕಟ್ಟಿ ಕೂತ್ಕೊಳ್ಳಿ."

ಭಾವ ನಿಜಕ್ಕೂ ಕೈ ಕಟ್ಟಿ ಕೂತರು. ಅದನ್ನು ನೋಡಿ ಅವನ ಸಿಟ್ಟು ಇನ್ನಷ್ಟು ಏರಿತು.

ನೆರಳಿನಲ್ಲಿ ಒಣಗಿದ ಮೇಲೆ ಗ್ರಾಮಫೋನಿಗೆ ಹೊಸ ಮುಳ್ಳು ಹಾಕಿ ರೆಕಾರ್ಡು ತಿರುಗಿಸಿದ. ನಾಲ್ಕು ಎಳೆಯ ದನಿಗಳು ಒಟ್ಟಿಗೆ ಎದ್ದವು.

"ಎತ್ತರದ್ದು ಅಮ್ಮಂದು," ಎಂದಳು ಅಕ್ಕ.

"ಅಲ್ಲ ಕಣಕ್ಕಾ, ಕೆಳಗಿನದು."

ಹಾಡು ಮುಗಿದರೂ ವಾದ ಮುಗಿಯಲಿಲ್ಲ. ಹೆತ್ತ ತಾಯಿಯ ದನಿಯೇ ಗೊತ್ತಾಗುತ್ತಿಲ್ಲವಲ್ಲ ಎಂದು ಅವನಿಗೆ ತಲೆ ಚಚ್ಚಿಕೊಳ್ಳುವಂತಾಯಿತು.

"ಆ ಕಡೆನೂ ಒಂದ್ಸಲ ಹಾಕಪ್ಪಾ," ಎಂದರು ಭಾವ. "ಅಂಚಿಂದ ಶುರು ಮಾಡಿದ್ದೆ. ಬಟ್ಟೆ ಕಪ್ಪಾಯ್ತು. ಹೆದರಿ ಅಲ್ಲಿಗೇ ನಿಲ್ಲಿಸಿದೆ."

ತಿರುವಿ ನೋಡಿದ. ಕಾಗದದ ಸುತ್ತ ಒಂದು ಬೆರಳಿನಷ್ಟು ಅಗಲ ಇನ್ನೂ ಕಪ್ಪಗೆ ಹೊಳೆಯುತ್ತಿತ್ತು. ಮುಳ್ಳನ್ನು ನೇರ ಅಲ್ಲಿಗೇ ಇಳಿಸಿದ.

ಕೆಳಗಿನ ದನಿಯೂ ಅಲ್ಲ, ಎತ್ತರದ್ದೂ ಅಲ್ಲ. ಇಬ್ಬರೂ ಲೆಕ್ಕಕ್ಕೇ ತೆಗೆದುಕೊಳ್ಳದಿದ್ದ ನಡುವಿನ ದನಿ. ತುಂಬಿದ, ಯಾವ ಅಳುಕೂ ಇಲ್ಲದ ದನಿ. ಅರ್ಧ ನಿಮಿಷವೂ ಇರಲಿಲ್ಲ, ಮುಗಿದೇ ಹೋಯಿತು.

ಅಕ್ಕ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಅವನಿಗೆ ಅಳುವೂ ಬರಲಿಲ್ಲ. ಇಷ್ಟು ಹೊತ್ತು ಹಾಳಾದದ್ದು ಒಂದು ರೆಕಾರ್ಡು ಎಂದುಕೊಂಡಿದ್ದ. ಕಳೆದುಹೋದದ್ದು ಏನೆಂದು ಈಗ ಗೊತ್ತಾಯಿತು.

"ಇನ್ನೊಂದ್ಸಲ ಹಾಕ್ತೀನಿ," ಎಂದು ಟೇಪ್ ರೆಕಾರ್ಡರನ್ನು ಹತ್ತಿರಕ್ಕೆಳೆದ. "ಭಾವ, ಕೆಮ್ಮಬೇಡಿ."